ಗೈನಾಕ್ಸ್: ಚಿತ್ರ ಉಳಿಯಿತು, ಮನೆ ಮುರಿಯಿತು

2025ರ ಡಿಸೆಂಬರ್ 10ರ ಜಪಾನ್ ಸರ್ಕಾರಿ ಗೆಜೆಟ್‌ನಲ್ಲಿ ಒಂದು ಪುಟ್ಟ ಪ್ರಕಟಣೆಯಿತ್ತು. ಗೈನಾಕ್ಸ್ ಎಂಬ ಅನಿಮೇಷನ್ ಕಂಪನಿಯ ದಿವಾಳಿ ಪ್ರಕ್ರಿಯೆ ಮುಕ್ತಾಯವಾಗಿದೆ ಎಂಬುದು ಅದರ ಸಾರ. 1984ರ ಡಿಸೆಂಬರ್‌ನಲ್ಲಿ ಹುಟ್ಟಿದ ಸಂಸ್ಥೆಯೊಂದು ನಲವತ್ತೊಂದು ವರ್ಷಗಳ ನಂತರ, ಅದೇ ಡಿಸೆಂಬರ್‌ನಲ್ಲಿ, ಕಾನೂನಿನ ಕಣ್ಣಿಗೆ ಇಲ್ಲವಾಯಿತು. 2024ರ ಮೇ 29ರಂದು ಟೋಕಿಯೊ ಜಿಲ್ಲಾ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಸಲ್ಲಿಸಿದಾಗಲೇ ಅದರ ಉಸಿರು ನಿಂತಿತ್ತು. ಗೆಜೆಟ್ ಮಾಡಿದ್ದು ಮರಣ ಪ್ರಮಾಣಪತ್ರಕ್ಕೆ ಮೊಹರು ಒತ್ತುವ ಕೆಲಸವನ್ನಷ್ಟೆ.

ದೂರದ ಜಪಾನಿನಲ್ಲಿ ಒಂದು ಕಾರ್ಟೂನು ಕಂಪನಿ ಬಾಗಿಲು ಹಾಕಿದರೆ ನಮಗೇನು ಎಂದು ಕೇಳುವವರಿರಬಹುದು. ಆದರೆ ಜಪಾನಿನ ಅನಿಮೇಷನ್ ನಮಗೆ ಅಪರಿಚಿತವೇನಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದ ಮುಂದೆ ಮೋಗ್ಲಿಗಾಗಿ ಕಾದು ಕುಳಿತಿದ್ದ ಪೀಳಿಗೆಯಲ್ಲಿ ಎಷ್ಟು ಮಂದಿಗೆ ಅದು ಜಪಾನಿನ ಸ್ಟುಡಿಯೊದಲ್ಲಿ ತಯಾರಾದ ಧಾರಾವಾಹಿ ಎಂಬುದು ಗೊತ್ತಿತ್ತೋ ತಿಳಿಯದು. ಆ ಪೀಳಿಗೆಯ ಮಕ್ಕಳಿಗೆ ಅದು ಚೆನ್ನಾಗಿಯೇ ಗೊತ್ತು. ಅವರು ಸ್ಟುಡಿಯೊಗಳ ಹೆಸರನ್ನು ಕ್ರಿಕೆಟ್ ತಂಡಗಳ ಹೆಸರಿನಂತೆ ಹೇಳಬಲ್ಲರು. ಜಪಾನಿನ ಅನಿಮೇಷನ್ ಸಂಘದ ಲೆಕ್ಕದ ಪ್ರಕಾರ 2023ರಲ್ಲಿ ಈ ಉದ್ಯಮದ ಒಟ್ಟು ಮಾರುಕಟ್ಟೆ 3.3 ಲಕ್ಷ ಕೋಟಿ ಯೆನ್ ದಾಟಿತು. ಅದರ ಅರ್ಧಕ್ಕಿಂತ ಹೆಚ್ಚು ಬಂದದ್ದು ಹೊರದೇಶಗಳಿಂದ. ಹೀಗೆ ಊರಿಗೆಲ್ಲ ಹಬ್ಬವಾಗಿದ್ದ ಹೊತ್ತಿನಲ್ಲೇ, ಆ ಹಬ್ಬಕ್ಕೆ ಮೊದಲ ತೋರಣ ಕಟ್ಟಿದವರಲ್ಲಿ ಒಬ್ಬರ ಮನೆಯಲ್ಲಿ ಸೂತಕ. ಇದು ಯೋಚಿಸಬೇಕಾದ ಸಂಗತಿ.

ವಿದ್ಯಾರ್ಥಿಗಳ ಕಂಪನಿ

ಗೈನಾಕ್ಸ್‌ನ ಹುಟ್ಟು ಯಾವ ಬಂಡವಾಳಶಾಹಿಯ ಯೋಜನೆಯಿಂದಲೂ ಆದದ್ದಲ್ಲ. 1981ರಲ್ಲಿ ಒಸಾಕಾದಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ವಾರ್ಷಿಕ ಸಮ್ಮೇಳನ ನಡೆಯಿತು. ಅದರ ಉದ್ಘಾಟನೆಗೆಂದು ಕೆಲವು ವಿದ್ಯಾರ್ಥಿಗಳು ಐದಾರು ನಿಮಿಷಗಳ ಚಿತ್ರವೊಂದನ್ನು ಎಂಟು ಮಿಲಿಮೀಟರ್ ಫಿಲ್ಮಿನಲ್ಲಿ ತಯಾರಿಸಿದರು. ಶಾಲೆಯ ಚೀಲ ಬೆನ್ನಿಗೇರಿಸಿಕೊಂಡ ಪುಟ್ಟ ಹುಡುಗಿಯೊಬ್ಬಳು ರಾಕ್ಷಸರನ್ನೂ ಯಂತ್ರಗಳನ್ನೂ ಎದುರಿಸಿ, ಕೈಯಲ್ಲಿದ್ದ ನೀರನ್ನು ಬಾಡಿದ ಮೂಲಂಗಿಗೆ ಸುರಿಯುತ್ತಾಳೆ. ಮೂಲಂಗಿ ಬಾಹ್ಯಾಕಾಶ ನೌಕೆಯಾಗಿ ಬೆಳೆಯುತ್ತದೆ. ಸಮ್ಮೇಳನದ ಹೆಸರು ಡೈಕಾನ್. ಜಪಾನಿ ಭಾಷೆಯಲ್ಲಿ ಮೂಲಂಗಿಗೂ ಅದೇ ಉಚ್ಚಾರ. ವೃತ್ತಿಪರರು ಬಳಸುವ ಸೆಲ್ಯುಲಾಯ್ಡ್ ಹಾಳೆ ಕೊಳ್ಳಲು ಹಣವಿಲ್ಲದೆ ಅಗ್ಗದ ವಿನೈಲ್ ಹಾಳೆಗಳ ಮೇಲೆ ಇವರು ಬಣ್ಣ ಹಚ್ಚಿದ್ದರು. ಒಸಾಕಾ ಕಲಾ ವಿಶ್ವವಿದ್ಯಾಲಯದ ಹಿದೆಯಾಕಿ ಅನ್ನೊ, ಹಿರೊಯುಕಿ ಯಾಮಾಗಾ, ತಾಕಾಮಿ ಅಕಾಯಿ ಚಿತ್ರದ ಕೈಗಳಾದರೆ, ತೊಷಿಯೊ ಒಕಾದಾ ಮತ್ತು ಯಾಸುಹಿರೊ ತಾಕೆದಾ ಅದರ ಹಿಂದಿನ ಸಂಘಟಕರು.

1983ರಲ್ಲಿ ಅದೇ ಊರಿನಲ್ಲಿ ಮತ್ತೆ ಸಮ್ಮೇಳನವಾದಾಗ ಅವರು ಎರಡನೆಯ ಚಿತ್ರ ಮಾಡಿದರು. ಹುಡುಗಿ ಬೆಳೆದಿದ್ದಳು, ಚಿತ್ರವೂ ಬೆಳೆದಿತ್ತು. ಅಮೆರಿಕ ಹಾಗೂ ಜಪಾನಿನ ಜನಪ್ರಿಯ ಕಥೆಗಳ ನೂರಾರು ಪಾತ್ರಗಳು ಅದರಲ್ಲಿ ನುಗ್ಗಿ ಬಂದವು. ಹಿನ್ನೆಲೆಗೆ ಇಂಗ್ಲೆಂಡಿನ ಇಎಲ್‌ಒ ತಂಡದ ಹಾಡು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ಆದ್ದರಿಂದಲೇ, ಜಪಾನಿನ ಅನಿಮೇಷನ್ ಇತಿಹಾಸದಲ್ಲಿ ಇಷ್ಟೊಂದು ಸಲ ಉಲ್ಲೇಖಗೊಳ್ಳುವ ಈ ಚಿತ್ರ ಎಲ್ಲರಂತೆ ಅಂಗಡಿಯಲ್ಲಿ ಮಾರಾಟಕ್ಕೆ ಬರಲಿಲ್ಲ. ಹಕ್ಕುಸ್ವಾಮ್ಯದ ಗೊಡವೆಯೇ ಇಲ್ಲದೆ ಶುರುವಾದ ಬಳಗ ಇದು. ಮುಂದೆ ಅದರ ಬದುಕು ಏಳುವುದಕ್ಕೂ ಬೀಳುವುದಕ್ಕೂ ಹಕ್ಕುಸ್ವಾಮ್ಯವೇ ಕಾರಣವಾದದ್ದನ್ನು ನೆನೆದರೆ ವಿಧಿಯ ವ್ಯಂಗ್ಯ ಎನ್ನಬೇಕಾಗುತ್ತದೆ.

ಅನ್ನೊ ಅಷ್ಟರಲ್ಲಿ ಟೋಕಿಯೊಗೆ ಬಂದು, ಹಯಾವೊ ಮಿಯಾಜಾಕಿ ಅವರ 'ನಾಸಿಕಾ' ಚಿತ್ರಕ್ಕೆ (1984) ಕರಗುತ್ತ ಕುಸಿಯುವ ದೈತ್ಯ ಯೋಧನ ದೃಶ್ಯ ಬರೆದುಕೊಟ್ಟು ಹೆಸರು ಮಾಡಿದ್ದರು. ಆ ವರ್ಷದ ಕೊನೆಗೆ ಗೈನಾಕ್ಸ್ ನೋಂದಣಿಯಾಯಿತು. 'ಗೈನಾ' ಎಂಬುದು ಅಕಾಯಿ ಅವರ ತವರಾದ ಯೊನಾಗೊ ಕಡೆಯ ಆಡುಮಾತು. ಭಾರಿ, ದೊಡ್ಡ ಎಂದರ್ಥ. ಅದಕ್ಕೊಂದು ಇಂಗ್ಲಿಷಿನ ಎಕ್ಸ್ ಅಕ್ಷರ ಸೇರಿಸಿ ಆಧುನಿಕ ಠೀವಿ ತಂದುಕೊಂಡರು. ಹೆಸರು ದೊಡ್ಡದು, ಕೈಯಲ್ಲಿದ್ದ ಬಂಡವಾಳ ಸಣ್ಣದು. ಉದ್ದೇಶವೂ ಒಂದೇ: 'ರಾಯಲ್ ಸ್ಪೇಸ್ ಫೋರ್ಸ್' ಎಂಬ ಚಲನಚಿತ್ರ ಮಾಡುವುದು, ಮುಗಿದ ಮೇಲೆ ಕಂಪನಿಯನ್ನು ವಿಸರ್ಜಿಸುವುದು.

ಆಟಿಕೆ ತಯಾರಿಸುತ್ತಿದ್ದ ಬಂದಾಯಿ ಕಂಪನಿ ಚಲನಚಿತ್ರ ಕ್ಷೇತ್ರಕ್ಕೆ ಇಳಿಯಲು ಆಗ ಹವಣಿಸುತ್ತಿತ್ತು. ಇಪ್ಪತ್ತರ ಹರೆಯದ ಈ ಹುಡುಗರನ್ನು ನಂಬಿ ಸುಮಾರು 80 ಕೋಟಿ ಯೆನ್‌ಗಳ ಯೋಜನೆಗೆ ಅದು ಒಪ್ಪಿತು. ನಿರ್ದೇಶಕ ಯಾಮಾಗಾಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ. 1987ರ ಮಾರ್ಚ್‌ನಲ್ಲಿ ತೆರೆಕಂಡ ಆ ಚಿತ್ರವನ್ನು ಇಂದು ನೋಡಿದರೂ ಅಚ್ಚರಿಯಾಗುತ್ತದೆ. ಭೂಪಟದಲ್ಲಿಲ್ಲದ ಒಂದು ರಾಜ್ಯ. ಅದರ ನಾಣ್ಯ, ಚಮಚ, ವೃತ್ತಪತ್ರಿಕೆ, ಪ್ರಾರ್ಥನೆಯ ಪದ್ಧತಿ, ಟಿ.ವಿ. ಪೆಟ್ಟಿಗೆ ಎಲ್ಲವನ್ನೂ ಹೊಸದಾಗಿ ಕಲ್ಪಿಸಿಕೊಂಡಿದ್ದಾರೆ. ಎಲ್ಲರ ನಗೆಪಾಟಲಿಗೆ ಗುರಿಯಾದ ಬಡ ಬಾಹ್ಯಾಕಾಶ ದಳದ ಸೋಮಾರಿ ಯುವಕನೊಬ್ಬ ಮೊದಲ ಗಗನಯಾತ್ರಿಯಾಗಲು ಒಪ್ಪುತ್ತಾನೆ. ಆಳುವವರಿಗೆ ರಾಕೆಟ್ ಬೇಕಿರುವುದು ಗಡಿಯಲ್ಲಿ ಯುದ್ಧಕ್ಕೊಂದು ನೆಪವಾಗಿ. ಅದು ಮೇಲೇರುವುದು ಗುಂಡಿನ ಸುರಿಮಳೆಯ ನಡುವೆ. ನಾಯಕ ಸಜ್ಜನನೂ ಅಲ್ಲ. ಆಸರೆ ಕೊಟ್ಟ ಹುಡುಗಿಯ ಮೇಲೆಯೇ ಕೈಮಾಡುವ ದೃಶ್ಯ ಇಂದಿಗೂ ವಿವಾದಾಸ್ಪದ. ಮಕ್ಕಳ ಚಿತ್ರವೆಂದು ಬಂದವರಿಗೆ ಇದು ಒಗ್ಗಲಿಲ್ಲ. ಸಂಗೀತಕ್ಕೆ ರ್‍ಯೂಯಿಚಿ ಸಾಕಾಮೊತೊ ಅವರಂಥ ದೊಡ್ಡ ಹೆಸರಿದ್ದರೂ ಹಾಕಿದ ಹಣ ಆಗ ವಾಪಸಾಗಲಿಲ್ಲ.

ಮುಚ್ಚಬೇಕಾಗಿದ್ದ ಕಂಪನಿ ಮುಚ್ಚಲಿಲ್ಲ. ಸಾಲವಿತ್ತು, ಸಾಲ ತೀರಿಸಲು ಇನ್ನೊಂದು ಕೆಲಸ ಬೇಕಿತ್ತು. ಗೈನಾಕ್ಸ್‌ನ ಮುಂದಿನ ಚರಿತ್ರೆಯೆಲ್ಲ ಈ ಒಂದು ವಾಕ್ಯದ ವಿಸ್ತರಣೆ ಎಂದರೂ ನಡೆದೀತು.

ದುಡಿಮೆ ಒಬ್ಬರದು, ಹಕ್ಕು ಇನ್ನೊಬ್ಬರದು

1988ರಲ್ಲಿ ವಿಡಿಯೊ ಕ್ಯಾಸೆಟ್‌ಗಾಗಿ ಆರು ಕಂತುಗಳ 'ಗನ್‌ಬಸ್ಟರ್' ಬಂತು. ಅನ್ನೊ ನಿರ್ದೇಶಿಸಿದ ಮೊದಲ ಕೃತಿ. ಹುಡುಗಿಯರ ಕ್ರೀಡಾ ಕಥೆಯ ಅಣಕದಂತೆ ಆರಂಭವಾಗುವ ಅದು, ಬೆಳಕಿನ ವೇಗಕ್ಕೆ ಹತ್ತಿರ ಹೋದವರಿಗೆ ಕಾಲ ನಿಧಾನವಾಗುತ್ತದೆ ಎಂಬ ಭೌತಶಾಸ್ತ್ರದ ಸತ್ಯವನ್ನು ಹಿಡಿದು ಹೃದಯ ಕಲಕುವ ಕಥೆಯಾಗುತ್ತದೆ. ಯುದ್ಧಕ್ಕೆ ಹೋಗಿಬಂದವಳಿಗೆ ಕೆಲವು ತಿಂಗಳು ಕಳೆದಿದ್ದರೆ ಊರಿನಲ್ಲಿ ಉಳಿದ ಗೆಳತಿಗೆ ಮಗಳು ಹುಟ್ಟಿ ಬೆಳೆದಿರುತ್ತಾಳೆ. ಕೊನೆಯ ಕಂತು ಬಹುಪಾಲು ಕಪ್ಪುಬಿಳುಪಿನಲ್ಲಿದೆ. ಗೈನಾಕ್ಸ್‌ನ ಅತ್ಯುತ್ತಮ ಕೃತಿ ಯಾವುದೆಂದು ಕೇಳಿದರೆ, ಹೆಚ್ಚು ಖ್ಯಾತಿವೆತ್ತದ್ದನ್ನು ಬಿಟ್ಟು ಇದನ್ನೇ ಹೆಸರಿಸಲು ನನಗೆ ಮನಸ್ಸಾಗುತ್ತದೆ.

1990ರ ಏಪ್ರಿಲ್‌ನಿಂದ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ 39 ಕಂತುಗಳ 'ನಾದಿಯಾ' ಪ್ರಸಾರವಾಯಿತು. ದೇಶಕ್ಕೆ ದೇಶವೇ ನೋಡಿ ಮೆಚ್ಚಿದ ಧಾರಾವಾಹಿ. ಆದರೆ ಅದರಿಂದ ಗೈನಾಕ್ಸ್‌ಗೆ ಆದದ್ದು ನಷ್ಟ. ಕಾರಣ ಸರಳ: ಕೆಲಸ ಒಳಗುತ್ತಿಗೆಯದು. ನಿಗದಿಯಾದ ಮೊತ್ತಕ್ಕೆ ಚಿತ್ರ ಬರೆದುಕೊಡಬೇಕು. ಖರ್ಚು ಮೀರಿದರೆ ಬರೆದವನ ಹೊರೆ, ಧಾರಾವಾಹಿ ಗೆದ್ದರೆ ಲಾಭ ಹಕ್ಕು ಇದ್ದವನದು. ಈ ವ್ಯವಸ್ಥೆ ಗೈನಾಕ್ಸ್‌ನೊಂದಿಗೆ ಹುಟ್ಟಿದ್ದಲ್ಲ. 1963ರಲ್ಲಿ ಒಸಾಮು ತೆಜುಕಾ ತಮ್ಮ 'ಆಸ್ಟ್ರೊ ಬಾಯ್' ಧಾರಾವಾಹಿಯನ್ನು ತಯಾರಿಕೆಯ ವೆಚ್ಚಕ್ಕಿಂತ ಬಹಳ ಕಡಿಮೆ ಬೆಲೆಗೆ ಟಿ.ವಿ.ಗೆ ಒಪ್ಪಿಸಿದರು. ಗೊಂಬೆ, ಚಾಕೊಲೇಟ್‌ಗಳ ಮಾರಾಟದಲ್ಲಿ ಕೊರತೆ ತುಂಬಿಕೊಳ್ಳಬಹುದೆಂಬುದು ಲೆಕ್ಕಾಚಾರ. ಅವರಿಗೆ ಸ್ವಲ್ಪ ಕಾಲ ಅದು ಸರಿಹೋಯಿತು. ಹಿಂದೆ ಬಂದವರಿಗೆಲ್ಲ ಆ ಅಗ್ಗದ ಬೆಲೆಯೇ ರೂಢಿಯಾಯಿತು. ತೆಜುಕಾ ಕಟ್ಟಿದ ಮುಷಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. 'ಸಮುರಾಯ್ ಚಾಂಪ್ಲೂ' ಮಾಡಿದ ಮಾಂಗ್ಲೋಬ್ 2015ರಲ್ಲಿ ದಿವಾಳಿಯಾದಾಗ ಅದರ ಕೈಯಲ್ಲಿದ್ದ ಚಲನಚಿತ್ರವೊಂದು ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಲೆಂದೇ ಬೇರೊಂದು ಸ್ಟುಡಿಯೊ ಕಟ್ಟಬೇಕಾಯಿತು.

ಗೈನಾಕ್ಸ್‌ನವರು ದಡ್ಡರಲ್ಲ. ಸ್ವಂತದ ಹಕ್ಕು ಇಲ್ಲದಿದ್ದರೆ ಬದುಕಿಲ್ಲವೆಂದು ಬಲುಬೇಗ ಅರಿತರು. ಅಕಾಯಿ ರೂಪಿಸಿದ 'ಪ್ರಿನ್ಸೆಸ್ ಮೇಕರ್' (1991) ಎಂಬ ಕಂಪ್ಯೂಟರ್ ಆಟ, ಒಬ್ಬ ಮಗಳನ್ನು ಸಾಕಿ ಬೆಳೆಸುವ ಆಟ, ಆ ಕಷ್ಟದ ವರ್ಷಗಳಲ್ಲಿ ಮನೆಯ ಒಲೆ ಉರಿಸಿತು. ಅದೇ ವರ್ಷ ತಮ್ಮ ಕಥೆಯನ್ನೇ ತಾವು ಲೇವಡಿ ಮಾಡಿಕೊಂಡ 'ಒತಾಕು ನೊ ವಿಡಿಯೊ' ಬಂತು. ಮರುವರ್ಷ ಒಕಾದಾ ಕಂಪನಿ ಬಿಟ್ಟರು. 'ರಾಯಲ್ ಸ್ಪೇಸ್ ಫೋರ್ಸ್'ನ ಲೋಕದಲ್ಲೇ ನಡೆಯುವ 'ಆವೊಕಿ ಉರು' ಎಂಬ ಹೊಸ ಚಲನಚಿತ್ರದ ಸಿದ್ಧತೆ ಆರಂಭವಾಗಿ, ಹಣ ಸಾಲದೆ 1993ರಲ್ಲಿ ನಿಂತಿತು. ಮುಂದಿನ ಮೂವತ್ತು ವರ್ಷ ಅದನ್ನು ಮತ್ತೆ ಮತ್ತೆ ಘೋಷಿಸಲಾಯಿತು. ಚಿತ್ರ ಕೊನೆಗೂ ಆಗಲೇ ಇಲ್ಲ.

ಆ ವೈಫಲ್ಯದ ಬೂದಿಯಿಂದ ಎದ್ದದ್ದು 'ಇವಾಂಜೆಲಿಯನ್'.

ಹದಿನಾಲ್ಕರ ಹುಡುಗ

1995ರ ಜಪಾನನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಜನವರಿಯಲ್ಲಿ ಕೋಬೆ ಭೂಕಂಪ. ಆರು ಸಾವಿರಕ್ಕೂ ಹೆಚ್ಚು ಸಾವು. ಮಾರ್ಚ್‌ನಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ಓಮ್ ಶಿನ್ರಿಕ್ಯೊ ಪಂಥದವರ ವಿಷಾನಿಲ ದಾಳಿ. ಆ ಪಂಥದಲ್ಲಿ ಸುಶಿಕ್ಷಿತ ಯುವಕರೂ ಇದ್ದರೆಂಬ ಆಘಾತ. ಷೇರು ಮತ್ತು ಭೂಮಿಯ ಬೆಲೆಯ ಗುಳ್ಳೆ ಒಡೆದು ಆಗಲೇ ನಾಲ್ಕೈದು ವರ್ಷ. ಇಂಥ ವರ್ಷದ ಅಕ್ಟೋಬರ್ 4ರಂದು, ಬುಧವಾರ ಸಂಜೆ, ಮಕ್ಕಳು ಟಿ.ವಿ. ಮುಂದೆ ಕೂರುವ ಹೊತ್ತಿನಲ್ಲಿ ಈ ಧಾರಾವಾಹಿ ಶುರುವಾಯಿತು. ಹೊರನೋಟಕ್ಕೆ ಎಲ್ಲವೂ ಹಳೆಯದೇ. ದೈತ್ಯ ಯಂತ್ರ, ಆಕಾಶದಿಂದ ಇಳಿಯುವ ವೈರಿಗಳು, ಲೋಕ ಉಳಿಸಬೇಕಾದ ಹುಡುಗ. ಆದರೆ ಹದಿನಾಲ್ಕರ ಷಿಂಜಿಗೆ ಯಾವ ಲೋಕವನ್ನೂ ಉಳಿಸುವ ಉಮೇದಿಲ್ಲ. ವರ್ಷಗಟ್ಟಲೆ ಮಾತನಾಡಿಸದ ತಂದೆ ಕರೆಸಿಕೊಂಡದ್ದು ಮಗನೆಂಬ ಮಮತೆಯಿಂದಲ್ಲ, ಯಂತ್ರ ಓಡಿಸಲು ಒಬ್ಬ ಬೇಕೆಂದು. ಹೊಗಳಿಕೆಗಾಗಿ ಹಪಹಪಿಸುವ, ಹತ್ತಿರ ಬಂದವರಿಂದ ದೂರ ಸರಿಯುವ ಆ ಹುಡುಗನಲ್ಲಿ ಒಂದು ಪೀಳಿಗೆ ತನ್ನನ್ನೇ ಕಂಡಿತು. ವರ್ಷಗಳ ಖಿನ್ನತೆಯಿಂದ ಹೊರಬರುತ್ತ ಇದನ್ನು ರಚಿಸಿದ್ದಾಗಿ ಅನ್ನೊ ಸ್ವತಃ ಹೇಳಿಕೊಂಡಿದ್ದಾರೆ.

ಕೊನೆಯ ಕಂತುಗಳ ಹೊತ್ತಿಗೆ ಸ್ಟುಡಿಯೊದಲ್ಲಿ ಸಮಯವೂ ಮುಗಿದಿತ್ತು, ಶಕ್ತಿಯೂ ಮುಗಿದಿತ್ತು. 1996ರ ಮಾರ್ಚ್‌ನಲ್ಲಿ ಪ್ರಸಾರವಾದ ಕಡೆಯ ಎರಡು ಕಂತುಗಳಲ್ಲಿ ಯುದ್ಧವಿಲ್ಲ, ಕಥೆಗೆ ಮುಕ್ತಾಯವಿಲ್ಲ. ನಿಶ್ಚಲ ಚಿತ್ರಗಳು, ಪೆನ್ಸಿಲ್ ಗೀಟುಗಳು, ತೆರೆಯ ಮೇಲೆ ಪದಗಳು, ಹುಡುಗನ ಮನಸ್ಸಿನೊಳಗಿನ ವಿಚಾರಣೆ. ಅಭಿಮಾನಿಗಳು ರೊಚ್ಚಿಗೆದ್ದರು, ಕೊಲೆ ಬೆದರಿಕೆಯ ಪತ್ರಗಳೂ ಬಂದವು. 1997ರ ಜುಲೈನಲ್ಲಿ ತೆರೆಕಂಡ ಸಮಾಪ್ತಿಯ ಚಲನಚಿತ್ರದಲ್ಲಿ ಅನ್ನೊ ಅಂಥ ಬರಹಗಳನ್ನೇ ಕ್ಷಣಮಾತ್ರ ಪರದೆಯ ಮೇಲೆ ತೋರಿಸಿ ಲೆಕ್ಕ ಚುಕ್ತಾ ಮಾಡಿದರು. ಕಲಾವಿದನೊಬ್ಬ ತನ್ನ ಪ್ರೇಕ್ಷಕನಿಗೆ ಇಷ್ಟು ನೇರವಾಗಿ ಕನ್ನಡಿ ಹಿಡಿದ ನಿದರ್ಶನ ಜನಪ್ರಿಯ ಕಲೆಯಲ್ಲಿ ವಿರಳ. ಅದು ದಾರ್ಷ್ಟ್ಯವೋ ಪ್ರಾಮಾಣಿಕತೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಈ ಧಾರಾವಾಹಿ ಭಾರತಕ್ಕೂ ಬಂದ ಮೇಲೆ ನಮ್ಮ ಕಾಲೇಜು ಹುಡುಗರೂ ಆ ವಾದದಲ್ಲಿ ಸೇರಿಕೊಂಡಿದ್ದಾರೆ.

ಬೇರೆಯವರ ಮಟ್ಟಿಗೆ ಇದರ ಪರಿಣಾಮ ದೊಡ್ಡದು. ತಡರಾತ್ರಿಯ ಮರುಪ್ರಸಾರಕ್ಕೂ ಜನ ಕಾದು ಕೂತದ್ದನ್ನು ಕಂಡ ಮೇಲೆ, ವಯಸ್ಕರಿಗೆಂದೇ ತಡರಾತ್ರಿಯ ಅನಿಮೇಷನ್ ಎಂಬ ಹೊಸ ಮಾರುಕಟ್ಟೆ ತೆರೆಯಿತು. ಟಿ.ವಿ. ವಾಹಿನಿ, ಧ್ವನಿಮುದ್ರಣ ಕಂಪನಿ, ಪ್ರಕಾಶಕ, ಆಟಿಕೆ ತಯಾರಕ ಹೀಗೆ ನಾಲ್ಕಾರು ಮಂದಿ ಪಾಲು ಹಾಕಿ ಹಕ್ಕು ಹಂಚಿಕೊಳ್ಳುವ 'ನಿರ್ಮಾಣ ಸಮಿತಿ' ಪದ್ಧತಿ ಉದ್ಯಮದಲ್ಲಿ ಬೇರೂರಿತು. ಚಿತ್ರ ಬರೆಯುವ ಸ್ಟುಡಿಯೊಗೆ ಆ ಸಮಿತಿಯಲ್ಲಿ ಸಾಮಾನ್ಯವಾಗಿ ಕುರ್ಚಿಯಿಲ್ಲ. ಆದರೆ 'ಇವಾಂಜೆಲಿಯನ್' ವಿಷಯದಲ್ಲಿ ಗೈನಾಕ್ಸ್ ಅದೃಷ್ಟಶಾಲಿ. ಹಕ್ಕುಸ್ವಾಮ್ಯದಲ್ಲಿ ಅದರ ಹೆಸರಿತ್ತು. ಪುಸ್ತಕ, ಗೊಂಬೆ, ಆಟಗಳಿಂದ ಮೊದಲ ಬಾರಿಗೆ ಹಣ ಹರಿದು ಬಂತು.

ದುಡ್ಡು ಬಂದ ಮೇಲೆ

ಸ್ಟುಡಿಯೊಗಳು ಹಕ್ಕಿಲ್ಲದೆ ಸಾಯುತ್ತವೆ ಎಂಬುದು ಈ ಉದ್ಯಮದ ಬಗ್ಗೆ ಬರೆಯುವವರೆಲ್ಲ ಹೇಳುವ ಮಾತು. ಅದು ಬಹುಮಟ್ಟಿಗೆ ನಿಜ. ಮುಷಿಗೂ ನಿಜ, 'ನಾದಿಯಾ' ಕಾಲದ ಗೈನಾಕ್ಸ್‌ಗೂ ನಿಜ. ಆದರೆ ಗೈನಾಕ್ಸ್ ಸತ್ತದ್ದು ಹಕ್ಕಿಲ್ಲದೆ ಅಲ್ಲ. ಜಪಾನಿನ ಅತ್ಯಂತ ಬೆಲೆಬಾಳುವ ಅನಿಮೇಷನ್ ಹಕ್ಕುಗಳಲ್ಲೊಂದು ಅದರ ಕೈಯಲ್ಲಿತ್ತು. ಆದ್ದರಿಂದ ಅದರ ಕಥೆಯನ್ನು ಆ ಸಿದ್ಧಸೂತ್ರಕ್ಕೆ ಹೊಂದಿಸಿ ಕೈತೊಳೆದುಕೊಳ್ಳಲಾಗದು.

1999ರ ಜುಲೈನಲ್ಲಿ ಕಂಪನಿಯ ಅಂದಿನ ಅಧ್ಯಕ್ಷರನ್ನೂ ಲೆಕ್ಕಪತ್ರ ಸಲಹೆಗಾರರನ್ನೂ ತೆರಿಗೆ ವಂಚನೆ ಆರೋಪದ ಮೇಲೆ ಬಂಧಿಸಲಾಯಿತು. ಸುಮಾರು 150 ಕೋಟಿ ಯೆನ್ ಆದಾಯ ಮುಚ್ಚಿಟ್ಟು 56 ಕೋಟಿ ಯೆನ್‌ಗಳಷ್ಟು ತೆರಿಗೆ ತಪ್ಪಿಸಿದ ಪ್ರಕರಣ ಅದು. ಮಾಡದ ಕೆಲಸಕ್ಕೆ ಸಂಬಂಧಪಟ್ಟ ಸಂಸ್ಥೆಗಳಿಗೆ ಹಣ ಕೊಟ್ಟಂತೆ ತೋರಿಸಿ, ಅದನ್ನು ನಗದಾಗಿ ವಾಪಸ್ ಪಡೆಯುವ ಹಳೆಯ ತಂತ್ರ. ಸ್ಥಾಪಕರಲ್ಲೊಬ್ಬರಾದ ತಾಕೆದಾ ಆಮೇಲೆ ಬರೆದ ನೆನಪುಗಳಲ್ಲಿ ಇದಕ್ಕೊಂದು ಸಮಜಾಯಿಷಿ ಇದೆ. ಕಂಪನಿಯ ಬಡತನ ಎಂಥದೆಂದು ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತಿತ್ತಂತೆ. ಇಂಥ ಹಣ ಮತ್ತೊಮ್ಮೆ ಬಾರದೆಂಬ ಭಯದಿಂದ ನಾಳೆಗೆಂದು ತೆಗೆದಿಡಲು ಹೋದರಂತೆ. ಸಮರ್ಥನೆಯಾಗಿ ಇದು ನಿಲ್ಲುವುದಿಲ್ಲ. ಮನಸ್ಥಿತಿಯ ಚಿತ್ರವಾಗಿ ಮಾತ್ರ ನಂಬುವಂತಿದೆ. ಬರಗಾಲ ಕಂಡವನು ಸುಗ್ಗಿಯಲ್ಲೂ ಕದ್ದು ಬಚ್ಚಿಡುತ್ತಾನೆ.

ಆ ಪೆಟ್ಟಿನ ನಂತರವೂ ಒಳ್ಳೆಯ ಕೆಲಸ ನಿಲ್ಲಲಿಲ್ಲವೆಂಬುದು ಗೈನಾಕ್ಸ್‌ನ ಹೆಗ್ಗಳಿಕೆ. ಕಜುಯಾ ತ್ಸುರುಮಾಕಿ 2000ದಲ್ಲಿ ನಿರ್ದೇಶಿಸಿದ ಆರು ಕಂತುಗಳ 'ಎಫ್‌ಎಲ್‌ಸಿಎಲ್' ಅರ್ಥವಾಗದಿದ್ದರೂ ಬಿಟ್ಟುಕೊಡದಂಥ ಕೃತಿ. ಹಿರೊಯುಕಿ ಇಮಾಯಿಷಿ ಅವರ 'ಗುರೆನ್ ಲಗಾನ್' (2007) ನೆಲದಡಿಯ ಹಳ್ಳಿಯ ಹುಡುಗನೊಬ್ಬ ಅಗೆಯುತ್ತ ಅಗೆಯುತ್ತ ಆಕಾಶಗಂಗೆಯವರೆಗೆ ಏರುವ ಕಥೆ. 'ಇವಾಂಜೆಲಿಯನ್'ನ ವಿಷಾದಕ್ಕೆ ಅದೇ ಮನೆಯ ಕಿರಿಯ ಮಗ ಕೊಟ್ಟ ಗಟ್ಟಿದನಿಯ ಉತ್ತರದಂತಿದೆ. ಹಿರಿಯರನ್ನು ಅಣಕಿಸುವ ಸ್ವಾತಂತ್ರ್ಯವನ್ನು ಕಿರಿಯರಿಗೆ ಕೊಟ್ಟ ಮನೆ ಅದು.

ಆದರೆ ಮನೆಯ ಮಕ್ಕಳು ಒಬ್ಬೊಬ್ಬರಾಗಿ ಬೇರೆ ಹೋಗುತ್ತಿದ್ದರು. 1992ರಲ್ಲೇ ಕೆಲವರು ಹೊರನಡೆದು ಗೊಂಜೊ ಕಟ್ಟಿದ್ದರು. 2006ರಲ್ಲಿ ಅನ್ನೊ ಖಾರಾ ಎಂಬ ಸ್ವಂತ ಸಂಸ್ಥೆ ಸ್ಥಾಪಿಸಿದರು. ಕನ್ನಡದ ಕಿವಿಗೆ ಖಾರವೆನಿಸಿದರೂ ಗ್ರೀಕ್ ಭಾಷೆಯಲ್ಲಿ ಅದಕ್ಕೆ ಆನಂದ ಎಂಬ ಅರ್ಥ. 'ಇವಾಂಜೆಲಿಯನ್' ಕಥೆಯನ್ನು ಹೊಸದಾಗಿ ಹೇಳುವ ನಾಲ್ಕು ಚಲನಚಿತ್ರಗಳು 2007ರಿಂದ 2021ರ ನಡುವೆ ಬಂದದ್ದು ಅಲ್ಲಿಂದ; ಕೊನೆಯದು ಜಪಾನ್ ಒಂದರಲ್ಲೇ ಸಾವಿರ ಕೋಟಿ ಯೆನ್‌ಗಿಂತ ಹೆಚ್ಚು ಗಳಿಸಿತು. 2011ರಲ್ಲಿ ಇಮಾಯಿಷಿ ಮತ್ತು ಮಾಸಾಹಿಕೊ ಒತ್ಸುಕಾ ಹೊರಬಂದು ಟ್ರಿಗರ್ ಕಟ್ಟಿದರು. ಗೈನಾಕ್ಸ್‌ನಲ್ಲಿ ಉಳಿದದ್ದು ಫಲಕ, ಹಳೆಯ ಕೃತಿಗಳ ರಾಯಧನ ಮತ್ತು ಹಳೆಯ ಆಡಳಿತ.

ಆ ಆಡಳಿತ ಮಾಡಿದ್ದೇನು? 2024ರಲ್ಲಿ ದಿವಾಳಿಯನ್ನು ಪ್ರಕಟಿಸುವಾಗ ಕಂಪನಿಯೇ ಹೊರಡಿಸಿದ ಹೇಳಿಕೆಯಲ್ಲಿ ಉತ್ತರವಿದೆ. 2012ರ ಸುಮಾರಿನಿಂದ ಯೋಗ್ಯತೆಗೆ ಮೀರಿ ಹೋಟೆಲ್ ವ್ಯಾಪಾರಕ್ಕೆ ಕೈಹಾಕಿದ್ದು, ಯಾವ ಯೋಜನೆಯೂ ಇಲ್ಲದೆ ಕಂಪ್ಯೂಟರ್ ಗ್ರಾಫಿಕ್ಸ್ ಕಂಪನಿ ತೆರೆದದ್ದು, ಆಡಳಿತಗಾರರಿಗೇ ಜಾಮೀನಿಲ್ಲದೆ ದೊಡ್ಡ ಮೊತ್ತದ ಸಾಲ ಕೊಟ್ಟದ್ದು, ಹೂಡಿಕೆಗಳಲ್ಲಿ ಕೈಸುಟ್ಟುಕೊಂಡದ್ದು. ಒಂದು ಸಂಸ್ಥೆ ತನ್ನ ಮರಣ ಕಾರಣವನ್ನು ಇಷ್ಟು ಬಿಚ್ಚಿ ಹೇಳಿಕೊಂಡದ್ದು ಅಪರೂಪ. ಹೇಳಿದವರು ಹಳಬರಲ್ಲ, ಕಸ ಗುಡಿಸಲು ಬಂದ ಹೊಸಬರು ಎಂಬುದನ್ನೂ ಇಲ್ಲೇ ಹೇಳಬೇಕು.

2014ರಲ್ಲಿ ಖಾರಾ, ತನ್ನ ತವರುಮನೆಯಂತಿದ್ದ ಗೈನಾಕ್ಸ್‌ಗೆ 10 ಕೋಟಿ ಯೆನ್ ಸಾಲ ಕೊಟ್ಟಿತು. ಸಾಲ ವಾಪಸ್ ಬರಲಿಲ್ಲ, ಬರಬೇಕಿದ್ದ ರಾಯಧನವೂ ಬರಲಿಲ್ಲ. 2016ರಲ್ಲಿ ಖಾರಾ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2017ರ ಜೂನ್‌ನಲ್ಲಿ ಪೂರ್ತಿ 10 ಕೋಟಿ ತೆರಬೇಕೆಂದು ತೀರ್ಪು ಬಂತು. ವಿದ್ಯಾರ್ಥಿ ದೆಸೆಯಲ್ಲಿ ಒಂದೇ ಕೋಣೆಯಲ್ಲಿ ವಿನೈಲ್ ಹಾಳೆಗೆ ಬಣ್ಣ ಹಚ್ಚಿದ ಗೆಳೆಯರು ಮೂವತ್ತೈದು ವರ್ಷಗಳ ನಂತರ ವಾದಿ ಪ್ರತಿವಾದಿಗಳಾಗಿ ನಿಂತರು. ದುಡ್ಡಿಗಿಂತ ಇದು ದೊಡ್ಡ ನಷ್ಟವೆಂದು ನನಗನ್ನಿಸುತ್ತದೆ.

ಈ ನಡುವೆ ಹಕ್ಕುಗಳು ಒಂದೊಂದಾಗಿ ಬಿಕರಿಯಾದವು. 'ಎಫ್‌ಎಲ್‌ಸಿಎಲ್' 2015ರಲ್ಲಿ ಪ್ರೊಡಕ್ಷನ್ ಐಜಿ ಪಾಲಾಯಿತು. ಅದೇ ವರ್ಷದ ಪುಟ್ಟ ಧಾರಾವಾಹಿಯೊಂದರ ಬಳಿಕ ಸ್ಟುಡಿಯೊದಿಂದ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. 2018ರಲ್ಲಿ ಷೇರುಗಳು ಹೊಸ ಕೈಗೆ ಹೋದವು. 2019ರ ಡಿಸೆಂಬರ್‌ನಲ್ಲಿ, ಅಧ್ಯಕ್ಷರಾಗಿ ಕೆಲವೇ ತಿಂಗಳಾಗಿದ್ದ ವ್ಯಕ್ತಿಯನ್ನು ಕಂಠದಾನ ಕಲಾವಿದೆಯಾಗಬೇಕೆಂದು ಬಂದಿದ್ದ ಹದಿಹರೆಯದ ಹುಡುಗಿಯೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪದಲ್ಲಿ ಬಂಧಿಸಲಾಯಿತು. ಸುದ್ದಿಯ ಶೀರ್ಷಿಕೆಗಳಲ್ಲಿ 'ಇವಾಂಜೆಲಿಯನ್ ಸ್ಟುಡಿಯೊ' ಎಂದೇ ಇತ್ತು. ಆ ವ್ಯಕ್ತಿಗೂ ಆ ಕೃತಿಗೂ ಏನೇನೂ ಸಂಬಂಧವಿಲ್ಲವೆಂದು ಅನ್ನೊ ಬಹಿರಂಗವಾಗಿ ಬರೆಯಬೇಕಾಯಿತು.

ಉಳಿದವರು ಮಾಡಿದ ಕೆಲಸ

2020ರಲ್ಲಿ ಖಾರಾ, ಟ್ರಿಗರ್, ಕಿಂಗ್ ರೆಕಾರ್ಡ್ಸ್, ಕಾದೊಕಾವಾಗಳ ನೆರವಿನಿಂದ ಹೊಸ ಆಡಳಿತ ಮಂಡಳಿ ರಚನೆಯಾಯಿತು. ಯಾಸುಹಿರೊ ಕಾಮಿಮುರಾ ಮುಖ್ಯಸ್ಥರಾದರು. ಒಳಗೆ ಹೋಗಿ ನೋಡಿದರೆ ಚಿತ್ರ ಮಾಡುವ ಸಾಮರ್ಥ್ಯ ಉಳಿದಿರಲಿಲ್ಲ. ಅನೇಕ ಕೃತಿಗಳ ಹಕ್ಕು, ಮೂಲ ಸಾಮಗ್ರಿ, ಸಂಬಂಧಪಟ್ಟ ಕಲಾವಿದರಿಗೆ ತಿಳಿಸದೆಯೇ ಕೈಬದಲಾಗಿದ್ದವು. ಇದ್ದದ್ದು ಸಾಲ ಮಾತ್ರ. ಅಂಥ ಕಂಪನಿಯನ್ನು ಅಂದೇ ಮುಚ್ಚಬಹುದಿತ್ತು. ಅವರು ನಾಲ್ಕು ವರ್ಷ ತಳ್ಳಿದರು. ಕಂಪನಿ ಬದುಕುತ್ತದೆಂಬ ನಂಬಿಕೆಗಿಂತ, ಅದು ಸಾಯುವ ಮುನ್ನ ಕೃತಿಗಳನ್ನು ಬರೆದವರ ಬಳಿಗೆ ತಲುಪಿಸಬೇಕೆಂಬ ಹಟ ಅದರ ಹಿಂದಿತ್ತು. ಏಕೆಂದರೆ ದಿವಾಳಿ ಕಾನೂನಿಗೆ ಕಲೆ ಗೊತ್ತಿಲ್ಲ. ಅದರ ಮುಂದೆ ಕುರ್ಚಿ ಮೇಜಿನಂತೆ ಹಕ್ಕುಸ್ವಾಮ್ಯವೂ ಒಂದು ಸ್ವತ್ತು. ಯಾರು ಹೆಚ್ಚು ಕೂಗಿದರೋ ಅವರದು. 2024ರಲ್ಲಿ ಸಾಲ ವಸೂಲಿ ಸಂಸ್ಥೆಯೊಂದು ದಾವೆ ಹೂಡಿದಾಗ ದಾರಿ ಮುಗಿಯಿತು. ಗೈನಾಕ್ಸ್ ಎಂಬ ಟ್ರೇಡ್‌ಮಾರ್ಕ್ ಅಷ್ಟರಲ್ಲಿ ಖಾರಾ ವಶಕ್ಕೆ ಬಂದಿತ್ತು. ಇನ್ನಾರೋ ಆ ಹೆಸರನ್ನು ದುರ್ಬಳಕೆ ಮಾಡಬಾರದೆಂಬ ಕಾಳಜಿಯಿಂದ.

ಹಾಳೆಗಳ ಚಿಂತೆ ಅನ್ನೊ ಅವರಿಗೆ ಮೊದಲಿನಿಂದಲೂ ಇತ್ತು. ಅನಿಮೇಷನ್ ಮತ್ತು ವಿಶೇಷ ಪರಿಣಾಮದ ಚಿತ್ರಗಳ ಮೂಲ ರೇಖಾಚಿತ್ರ, ಮಾದರಿ, ಬೊಂಬೆಗಳನ್ನು ಸಂರಕ್ಷಿಸಲು 2017ರಲ್ಲಿ ಅವರ ನೇತೃತ್ವದಲ್ಲಿ ಲಾಭರಹಿತ ಸಂಸ್ಥೆಯೊಂದು ಆರಂಭವಾಯಿತು. 'ಗಾಡ್ಜಿಲ್ಲಾ' ಖ್ಯಾತಿಯ ಎಯ್ಜಿ ತ್ಸುಬುರಾಯಾ ಅವರ ಹುಟ್ಟೂರು ಸುಕಾಗಾವಾದಲ್ಲಿ 2020ರಲ್ಲಿ ಅಂಥ ಸಾಮಗ್ರಿಗಳಿಗೊಂದು ಭಂಡಾರವೂ ತೆರೆಯಿತು. ಸ್ಟುಡಿಯೊ ಮುಚ್ಚಿದಾಗ ಮೊದಲು ಕಸಕ್ಕೆ ಹೋಗುವುದು ಪೆನ್ಸಿಲ್ಲಿನ ಹಾಳೆಗಳು ಎಂಬುದು ಆ ವೃತ್ತಿಯವರಿಗೆಲ್ಲ ಗೊತ್ತಿರುವ ಕಟುಸತ್ಯ.

ಬೆಂಗಳೂರಿನಲ್ಲಿ ಕುಳಿತು ಇದನ್ನು ಓದುವ ಒಂದು ವರ್ಗಕ್ಕೆ ಇವೆಲ್ಲ ದೂರದ ಮಾತೇನಲ್ಲ. ಅನಿಮೇಷನ್ ಉದ್ಯಮಕ್ಕೆಂದು ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ನಮ್ಮದು; 2024ರಲ್ಲಿ ಅದರ ಮೂರನೆಯ ಆವೃತ್ತಿ ಬಂದಿದೆ. ಆದರೆ ಇಲ್ಲಿನ ಕಲಾವಿದರು ಬರೆದದ್ದರಲ್ಲಿ ದೊಡ್ಡ ಪಾಲು ಹೊರದೇಶದ ಚಿತ್ರಗಳಿಗೆ, ಒಳಗುತ್ತಿಗೆಯ ಲೆಕ್ಕದಲ್ಲಿ. 2025ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೊಗಳೂ ಮುಚ್ಚಿದವು. ಭಾರತದಲ್ಲಿ ಸಾವಿರಾರು ಕಲಾವಿದರು ಕೆಲಸ ಕಳೆದುಕೊಂಡರು. ಅವರು ಬರೆದ ಒಂದು ಗೆರೆಯ ಮೇಲೂ ಅವರಿಗೆ ಹಕ್ಕಿರಲಿಲ್ಲ. ಗೈನಾಕ್ಸ್‌ನ ಹುಡುಗರು 1990ರಲ್ಲಿ 'ನಾದಿಯಾ' ಬರೆಯುತ್ತ ನಿಂತಿದ್ದ ಜಾಗ ಬಹುಶಃ ಅದೇ. ಅಲ್ಲಿಂದ ಮುಂದೆ ಅವರು ಹೇಗೆ ಹೋದರು, ಹೋದ ಮೇಲೆ ಎಲ್ಲಿ ಎಡವಿದರು ಎಂಬೆರಡನ್ನೂ ನಮ್ಮ ನೀತಿ ನಿರೂಪಕರು ಒಟ್ಟಿಗೇ ಓದಬೇಕು.

ಗೆಜೆಟ್ ಪ್ರಕಟಣೆಯ ಬೆನ್ನಿಗೇ ಅನ್ನೊ ಒಂದು ಹೇಳಿಕೆ ಹೊರಡಿಸಿದರು. ಅದರಲ್ಲಿ ಕಾಮಿಮುರಾ ಅವರಿಗೆ ಕೃತಜ್ಞತೆಯಿದೆ, ಕೃತಿಗಳು ಸೇರಬೇಕಾದವರನ್ನು ಸೇರಿದವೆಂಬ ಸಮಾಧಾನವಿದೆ, ಹಳೆಯ ಒಡನಾಡಿಗಳ ನಡವಳಿಕೆಯ ಬಗ್ಗೆ ಮುಚ್ಚಿಡದ ನೋವೂ ಇದೆ.

ಅದಕ್ಕೆ ಐದು ತಿಂಗಳ ಹಿಂದೆ, 2025ರ ಜುಲೈನಲ್ಲಿ, ಇನ್ನೊಂದು ಘಟನೆ ನಡೆದಿತ್ತು. 2010ರಲ್ಲಿ ಗೈನಾಕ್ಸ್‌ನಲ್ಲಿದ್ದಾಗ ಇಮಾಯಿಷಿ ನಿರ್ದೇಶಿಸಿದ್ದ 'ಪ್ಯಾಂಟಿ ಅಂಡ್ ಸ್ಟಾಕಿಂಗ್' ಎಂಬ ಪೋಲಿ ಹೆಸರಿನ ಹಾಸ್ಯ ಧಾರಾವಾಹಿ, ಕೊನೆಯ ಕಂತಿನಲ್ಲಿ ನೋಡುಗರನ್ನು ನಡುದಾರಿಯಲ್ಲಿ ಬಿಟ್ಟು ನಿಂತುಹೋಗಿತ್ತು. ಅದರ ಹಕ್ಕು ಟ್ರಿಗರ್ ಕೈಗೆ ಬಂದಿತು. ಹದಿನೈದು ವರ್ಷಗಳ ಬಳಿಕ ಅದೇ ನಿರ್ದೇಶಕರು ಕಥೆಯನ್ನು ನಿಂತ ಜಾಗದಿಂದಲೇ ಎತ್ತಿಕೊಂಡು ಮುಂದುವರಿಸಿದರು.